ಸೋತಾಗಲೆಲ್ಲ ಪಂತ ದುಪ್ಪಟ್ಟು ಮಾಡಿದರೆ ಬ್ಲ್ಯಾಕ್‌ಜಾಕ್‌ನಲ್ಲಿ ಕೊನೆಗೆ ಗೆಲ್ಲಬಹುದೇ?

ಇಲ್ಲ. ಎಲೆಗಳ ಮೊತ್ತ 21 ದಾಟದಂತೆ ಡೀಲರ್‌ಗಿಂತ (ಕ್ಯಾಸಿನೊ ಪರ ಎಲೆ ಹಂಚಿ ಆಡುವವನು) ಹೆಚ್ಚು ಮಾಡುವ ಈ ಇಸ್ಪೀಟ್ ಆಟದಲ್ಲಿ ಆಟಗಾರನೇ ಮೊದಲು ಎಲೆ ಎಳೆಯಬೇಕು. 21 ದಾಟಿದರೆ ಅಲ್ಲಿಗೇ ಸೋತ, ಆಮೇಲೆ ಡೀಲರ್ ದಾಟಿದರೂ ಹಣ ಮರಳದು. ಕ್ಯಾಸಿನೊದ ಮೇಲುಗೈ ಇರುವುದು ಇದರಲ್ಲೇ, ಹಾಗಾಗಿ ಪ್ರತಿ ಪಂತದಲ್ಲೂ ಸರಾಸರಿ ನಷ್ಟ ಆಟಗಾರನದೇ. ಕಲಬುರಗಿ ಗಂಜಿನಲ್ಲಿ ಕ್ವಿಂಟಲಿಗೆ ಇಷ್ಟು ಅಂತ ನಷ್ಟದಲ್ಲಿ ತೊಗರಿ ಮಾರುವವರು ದುಪ್ಪಟ್ಟು ಮಾರಿದರೆ ನಷ್ಟವೂ ದುಪ್ಪಟ್ಟೇ ಅಲ್ಲವೇ? ₹100ರಿಂದ ಶುರುಮಾಡಿ ಸತತ 7 ಸಲ ಸೋತರೆ ₹12,700 ಹೋಗಿರುತ್ತದೆ. ಎಂಟನೇ ಪಂತ ₹12,800. ಗೆದ್ದರೂ ಒಟ್ಟು ಲಾಭ ಬರೀ ₹100! ಎಷ್ಟೋ ಸಲ ಅಷ್ಟರೊಳಗೆ ಟೇಬಲ್ಲಿನ ಗರಿಷ್ಠ ಮಿತಿಯೇ ಅಡ್ಡ ಬರುತ್ತದೆ.

ಗೋವಾಕ್ಕೆ ಹೋಗುವ ನಮ್ಮ ಹುಡುಗರು ಇದನ್ನು ಬಿಟ್ಟು ಬೇಸಿಕ್ ಸ್ಟ್ರಾಟಜಿ ಕಲಿಯಲಿ, ಅಂದರೆ ಕೈಯಲ್ಲಿರುವ ಎಲೆ, ಡೀಲರ್‌ನ ತೆರೆದ ಎಲೆ ಎರಡನ್ನೂ ನೋಡಿ ಆಡುವ ಪಟ್ಟಿ. 10 ಮತ್ತು 6 ಬಂದು, ಡೀಲರ್‌ಗೆ 6 ಇದ್ದರೆ ನಿಲ್ಲಿ. 7 ಇದ್ದರೆ ಇನ್ನೊಂದು ಎಲೆ ಕೇಳಿ. ಒಳ್ಳೆಯ ನಿಯಮದ ಟೇಬಲ್ಲಿನಲ್ಲಿ ಹೀಗೆ ಆಡಿದರೆ ಕ್ಯಾಸಿನೊದ ಮೇಲುಗೈ ಪಂತದ ಹಣದ ಸುಮಾರು ಶೇ. 0.5ಕ್ಕೆ ಇಳಿಯುತ್ತದೆ.