ಚರ್ಚಿನ ವಿಚಾರಣೆ ಮುಗಿಯೋ ತನಕ ಪೊಲೀಸ್ ಹತ್ರ ಹೋಗಬಾರದಾ?

ನಿಮ್ಮ ಚರ್ಚಿನ ಫಾದರ್ ಮೇಲೆ ಒಬ್ಬ ಹುಡುಗನ ಮನೆಯವರು ಲೈಂಗಿಕ ದೌರ್ಜನ್ಯದ ದೂರು ಹೇಳಿದ್ದಾರೆ, ಹಿರಿಯರು "ಬಿಷಪ್ ವಿಚಾರಣೆ ಮಾಡ್ತಿದ್ದಾರೆ, ಅದು ಮುಗೀಲಿ, ಅಲ್ಲಿ ತನಕ ಪೊಲೀಸು ಗಿಲೀಸು ಬೇಡ" ಅಂತಿದ್ದಾರೆ, ಕಾಯೋದು ಸರೀನಾ ಅಂತ ಕೇಳಿದ್ದೀರಿ. ಸರಿಯಲ್ಲ. ಕಾಯಬೇಡಿ.

ಯಾಕೆ ಅಂದ್ರೆ ಬಿಷಪ್ ಮಾಡೋ ವಿಚಾರಣೆ ಮತ್ತು ಪೊಲೀಸ್ ತನಿಖೆ ಎರಡೂ ಒಂದೇ ಕೆಲಸ ಅಲ್ಲ. ಕ್ಯಾಥೊಲಿಕ್ ಚರ್ಚಿನ ಕಾನೂನಲ್ಲಿ, ಅಂದ್ರೆ ಕ್ಯಾನನ್ ಲಾನಲ್ಲಿ, ದೂರು ಬಂದ್ರೆ ಬಿಷಪ್ ಮೊದಲು ಪ್ರಾಥಮಿಕ ವಿಚಾರಣೆ ಮಾಡಬೇಕು (1717ನೇ ಕ್ಯಾನನ್), ಮಗುವಿನ ವಿಷಯ ಆಗಿದ್ದು ದೂರಲ್ಲಿ ಹುರುಳಿದೆ ಅನಿಸಿದ್ರೆ ಫೈಲನ್ನ ರೋಮ್‌ಗೆ ಕಳಿಸಬೇಕು, 2001ರಿಂದ ಇದೇ ನಿಯಮ. ಅಲ್ಲಿ ಕೊಡಬಹುದಾದ ಅತಿ ದೊಡ್ಡ ಶಿಕ್ಷೆ ಅಂದ್ರೆ ಗುರುಪಟ್ಟದಿಂದ, ಅಂದ್ರೆ ಪಾದ್ರಿ ಸ್ಥಾನದಿಂದ ತೆಗೆದುಹಾಕೋದು, ಅಷ್ಟೇ. ಬಿಷಪ್‌ಗೆ ಯಾರ ಫೋನನ್ನೂ ಜಪ್ತಿ ಮಾಡೋಕೆ ಆಗಲ್ಲ, ಮನೆ ಸರ್ಚ್ ಮಾಡೋಕೆ ಆಗಲ್ಲ, ಯಾರನ್ನೂ ಜೈಲಿಗೆ ಹಾಕೋಕೂ ಆಗಲ್ಲ. ಆ ವಿಚಾರಣೆ ನಡೀಲಿ, ಬೇಡ ಅನ್ನಲ್ಲ. ಆದ್ರೆ ಅದಕ್ಕೋಸ್ಕರ ಪೊಲೀಸ್ ದೂರು ನಿಲ್ಲಬೇಕಾಗಿಲ್ಲ.

"ರೋಮ್‌ನ ನಿಯಮ ಪ್ರಕಾರ ಹೊರಗೆ ಹೇಳೋ ಹಾಗಿಲ್ಲ" ಅಂತ ಯಾರಾದ್ರೂ ಹೇಳಿದ್ರೆ ನೇರವಾಗಿ ಇಲ್ಲ ಅನ್ನಿ. ಪೋಪ್ ಫ್ರಾನ್ಸಿಸ್ 2019ರ ಡಿಸೆಂಬರ್‌ನಲ್ಲಿ ಇಂಥ ಕೇಸುಗಳಿಗೆ ಇದ್ದ ಪೊಂಟಿಫಿಕಲ್ ಸೀಕ್ರೆಟ್ ಅನ್ನೋ ಗೌಪ್ಯತೆಯನ್ನ ತೆಗೆದುಹಾಕಿದ್ರು, ದೂರು ಕೊಟ್ಟವರ ಬಾಯಿ ಮುಚ್ಚಿಸೋ ಹಾಗಿಲ್ಲ ಅಂತಾನೂ ಸ್ಪಷ್ಟವಾಗಿ ಹೇಳಿದ್ದಾರೆ. ಪಾಪನಿವೇದನೆಯಲ್ಲಿ, ಅಂದ್ರೆ ಗುರುಗಳ ಮುಂದೆ ಗುಟ್ಟಾಗಿ ಪಾಪ ಒಪ್ಪಿಕೊಳ್ಳೋವಾಗ, ಕೇಳಿದ್ದನ್ನ ಮಾತ್ರ ಗುರುಗಳು ಈಗ್ಲೂ ಯಾರಿಗೂ ಹೇಳೋ ಹಾಗಿಲ್ಲ. ಅದಕ್ಕೇ ಈ ದೂರನ್ನ ಪಾಪನಿವೇದನೆಗೆ ಹೋಗಿ ಹೇಳಬೇಡಿ ಅಂತ ಆ ಮನೆಯವರಿಗೆ ತಿಳಿಸಿ, ಹೊರಗೆ ಹೇಳಲಿ, ಬರೆದು ಕೊಡಲಿ, ಕೊಟ್ಟಿದ್ದಕ್ಕೆ ಸಹಿ ತಗೊಳ್ಳಲಿ.

ನಾನು ಒಂದು ಧರ್ಮಕೇಂದ್ರದ, ಅಂದ್ರೆ ಪ್ಯಾರಿಷ್‌ನ ಪಾಲನಾ ಸಮಿತಿಯಲ್ಲಿ ಇದ್ದವಳು, ಅಲ್ಲೂ ಇಂಥದ್ದೇ ದೂರು ಬಂತು. ಆ ತಾಯಿನ ಮೀಟಿಂಗ್‌ಗೆ ಕರೆಸಿ ಕೂರಿಸಿದ್ದು ಎಲ್ಲಿ ಗೊತ್ತಾ, ಆರೋಪ ಇದ್ದ ಫಾದರ್ ಎದುರಿನ ಕುರ್ಚಿಯಲ್ಲೇ. ಆಕೆ ಬಾಯಿ ತೆಗೆಯೋ ಮೊದಲೇ ಒಬ್ರು ಹಿರಿಯರು "ಮಗು ಟೀವಿಲಿ ಏನಾದ್ರೂ ನೋಡಿ ಹೇಳ್ತಿರಬಹುದಾ ಅಮ್ಮಾ" ಅಂದ್ರು, ಇನ್ನೊಬ್ರು ಫಾದರ್ ಎಷ್ಟು ಒಳ್ಳೆಯವರು ಅಂತ ಶುರು ಮಾಡಿದ್ರು, ಆಕೆ ಸೆರಗಿನ ತುದಿನ ಬೆರಳಿಗೆ ಸುತ್ತಿಕೊಂಡು ಬಿಚ್ಚಿಕೊಂಡು ಕೂತಿದ್ರು. ಸಭೆಯ ಪುಸ್ತಕದಲ್ಲಿ "ಇತರೆ ವಿಷಯಗಳನ್ನು ಚರ್ಚಿಸಲಾಯಿತು" ಅಂತ ಒಂದು ಸಾಲು ಬರೆದ್ರು. ನಾನು ಜಗಳ ಆಡಿ, ದೂರು ಏನು, ಯಾರು ಕೊಟ್ಟಿದ್ದು, ಯಾವತ್ತು ಕೊಟ್ಟಿದ್ದು ಎಲ್ಲಾ ಬರೆಸಿ, ಮುಂದೆ ನನ್ನ ಅಸಮ್ಮತಿನೂ ಬರೆಸಿದೆ, ಆಮೇಲೆ ಆ ತಾಯಿ ಜೊತೆ ಸ್ಟೇಷನ್‌ಗೂ ಹೋದೆ. ಅಲ್ಲಿ ಕೂತಿದ್ದವರು ಯಾರೂ ಕೆಟ್ಟವರಲ್ಲ, ಚರ್ಚನ್ನ ಪ್ರೀತಿಸೋ ಜನಾನೇ. ಅವರಿಗೆ ಕಾಣ್ತಿದ್ದಿದ್ದು ಚರ್ಚಿನ ಹೆಸರು, ಮಗು ಅವತ್ತು ಯಾರ ಕಣ್ಣಿಗೂ ಬೀಳಲಿಲ್ಲ.

ಬೇರೆ ಕಡೆನೂ ಆಗಿರೋದು ಇದೇ. 2002ರಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಹೊರಗೆ ಹಾಕಿದ ಜಾನ್ ಗೇಗನ್ ಅನ್ನೋ ಪಾದ್ರಿ ಕತೆ ನೋಡಿ, 130ಕ್ಕೂ ಹೆಚ್ಚು ಜನ ಆರೋಪ ಮಾಡಿದ್ರು, ದೂರು ಬಂದಾಗ ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ಕಳಿಸ್ತಾ ಹೋಗಿದ್ರು, ಹೊಸ ಜಾಗದ ಜನಕ್ಕೆ ಏನೂ ಗೊತ್ತಿರ್ತಿರಲಿಲ್ಲ. ಬಾಸ್ಟನ್ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಬರ್ನಾರ್ಡ್ ಲಾ ಅದೇ ವರ್ಷ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಡಬೇಕಾಯ್ತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗ್ರ್ಯಾಂಡ್ ಜ್ಯೂರಿ (ಆರೋಪಕ್ಕೆ ಆಧಾರ ಇದೆಯಾ ಅಂತ ಪರಿಶೀಲಿಸೋ ನಾಗರಿಕರ ಮಂಡಳಿ) 2018ರಲ್ಲಿ ಕೊಟ್ಟ ವರದಿಯಲ್ಲಿ 300ಕ್ಕೂ ಹೆಚ್ಚು ಆರೋಪಿ ಪಾದ್ರಿಗಳು, ದೌರ್ಜನ್ಯಕ್ಕೆ ಒಳಗಾದ ಸಾವಿರಕ್ಕೂ ಮೀರಿದ ಮಕ್ಕಳು. ಎಲ್ಲಾ ಕಡೆ ಒಂದೇ ದಾರಿ ಅಂತ ಆ ವರದಿ ಹೇಳುತ್ತೆ: ಫೈಲಲ್ಲಿ ಮೆತ್ತಗಿನ ಮಾತು ಬರಿ, ತರಬೇತಿ ಇಲ್ಲದವರ ಕೈಲಿ ವಿಚಾರಣೆ ಮಾಡಿಸು, ಪಾದ್ರಿನ ತೆಗೆದ್ರೆ ಕಾರಣ ಹೇಳಬೇಡ, ಪೊಲೀಸ್‌ಗೆ ತಿಳಿಸಬೇಡ. ಇದನ್ನ ಓದಿದಾಗ ನನಗೆ ನಮ್ಮ ಆ ಮೀಟಿಂಗೇ ಕಣ್ಮುಂದೆ ಬಂತು.

ಕ್ಯಾಥೊಲಿಕರು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಅನ್ನೋ ಪ್ರಾಟೆಸ್ಟೆಂಟ್ ಪಂಗಡದಲ್ಲಿ ಪ್ರತಿ ಚರ್ಚೂ ಸ್ವತಂತ್ರ, ಅದಕ್ಕೇ ಆರೋಪಿ ಪಾಸ್ಟರ್‌ಗಳ ಪಟ್ಟಿ ಇಡೋಕೆ ನಮ್ಮಿಂದ ಆಗಲ್ಲ ಅಂತ ನಾಯಕರು ವರ್ಷಗಟ್ಟಲೆ ಹೇಳ್ತಿದ್ರು. 2022ರ ಸ್ವತಂತ್ರ ತನಿಖೆಯಲ್ಲಿ ಅವರ ಕಚೇರಿಯಲ್ಲೇ 700ಕ್ಕೂ ಹೆಚ್ಚು ಹೆಸರಿನ ಗುಟ್ಟಿನ ಪಟ್ಟಿ ಸಿಕ್ತು! ಇಂಗ್ಲೆಂಡಿನಲ್ಲಿ ಜಾನ್ ಸ್ಮಿತ್ ಅಂತ ಒಬ್ಬ ವಕೀಲ, ಕ್ರೈಸ್ತ ಯುವಕರ ಶಿಬಿರಗಳಲ್ಲಿ ದೊಡ್ಡ ಹೆಸರು, ಹುಡುಗರನ್ನ ರಕ್ತ ಬರೋ ಹಾಗೆ ಹೊಡೀತಿದ್ದ. 1982ರಲ್ಲೇ ಕೆಲವರಿಗೆ ಗೊತ್ತಾಗಿತ್ತು, ಆದ್ರೆ ಪೊಲೀಸ್‌ಗೆ ಹೋಗಲಿಲ್ಲ, ಅವನು ಜಿಂಬಾಬ್ವೆಗೆ ಹೋಗಿ ಅಲ್ಲೂ ಶಿಬಿರ ನಡೆಸಿ ಅದನ್ನೇ ಮಾಡಿದ, ಶಿಕ್ಷೆಯೇ ಆಗದೆ 2018ರಲ್ಲಿ ಸತ್ತ. ಆ ವಿಷಯಕ್ಕೇ 2024ರಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಹಿರಿಯ ಬಿಷಪ್ ಆಗಿದ್ದ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಿದ್ರು.

ಆರೋಪ ಸುಳ್ಳಾಗಿದ್ರೆ ಅಂತ ಹಿರಿಯರು ಕೇಳೇ ಕೇಳ್ತಾರೆ, ಕೇಳೋದು ತಪ್ಪೂ ಅಲ್ಲ. ಆದ್ರೆ ತನಿಖೆ ಮುಗಿಯೋ ತನಕ ಫಾದರ್ ಕೆಲಸದಿಂದ ಪಕ್ಕಕ್ಕೆ ಸರಿಯೋದು ಶಿಕ್ಷೆ ಅಲ್ಲ. ಫಾದರ್ ನಿರಪರಾಧಿ ಆಗಿದ್ರೆ ಹೊರಗಿನವರು ಪರೀಕ್ಷೆ ಮಾಡಿ ಹೇಳಿದಾಗಷ್ಟೇ ಜನ ನಂಬೋದು, ಅವರದೇ ಬಿಷಪ್ ಒಳಗೊಳಗೇ ಕ್ಲೀನ್ ಚಿಟ್ ಕೊಟ್ಟರೆ ಗುಸುಗುಸು ಸಾಯೋ ತನಕ ಹಿಂದೆ ಬರುತ್ತೆ.

ಈಗ ನೀವು ಮಾಡಬೇಕಾದ್ದು. ಮಗುನ ಪದೇ ಪದೇ ಕೇಳೋಕೆ ಬಿಡಬೇಡಿ, ಮೀಟಿಂಗ್‌ಗೆ ಕರೆಸೋಕಂತೂ ಬಿಡಲೇಬೇಡಿ, ಅದು ಹೇಳಿದ್ದನ್ನ ಅದರದೇ ಮಾತಲ್ಲಿ ತಾರೀಕು ಹಾಕಿ ಮನೆಯವರು ಬರೆದಿಡಲಿ, ಫೋನಲ್ಲಿರೋ ಮೆಸೇಜ್ ಡಿಲೀಟ್ ಮಾಡೋದು ಬೇಡ. ಸ್ಟೇಷನ್‌ಗೆ ಅವರ ಜೊತೆ ಹೋಗಿ, ಒಂಟಿಯಾಗಿ ಹೋದವರ ಮೇಲೆ ಒತ್ತಡ ಹಾಕೋದು ಸುಲಭ. ಬಿಷಪ್ ಕಚೇರಿಗೂ ಬರವಣಿಗೆಯಲ್ಲೇ ಕೇಳಿ, ವಿಚಾರಣೆ ಮಾಡ್ತಿರೋರು ಯಾರು, ಚರ್ಚಿನ ಹೊರಗಿನವರು ಒಬ್ಬರಾದ್ರೂ ಇದ್ದಾರಾ, ಮಗುವಿಗೆ ಕೌನ್ಸೆಲಿಂಗ್ ಖರ್ಚು ಯಾರು ಕೊಡ್ತಿದ್ದಾರೆ ಅಂತ. ಅದಕ್ಕೂ ಮೊದಲು, ಆ ಫಾದರ್ ಈ ಭಾನುವಾರನೂ ಮಕ್ಕಳ ಧರ್ಮೋಪದೇಶದ ಕ್ಲಾಸ್ ತಗೊಳ್ತಾರಾ ಅನ್ನೋದನ್ನ ಇವತ್ತೇ ಕೇಳಿ, ಹೌದು ಅಂದ್ರೆ ನಾಳೆವರೆಗೂ ಕಾಯಬೇಡಿ.