ಸಿಟ್ಟಿನಲ್ಲಿ ಹೆಂಡತಿಯ ಎದುರು ಇಟ್ಟ ಆಣೆಯನ್ನು ಮುರಿಯಬಹುದೇ?

ಜಗಳದ ನಡುವೆ ‘ಅಲ್ಲಾಹನಾಣೆ, ಇನ್ನು ನಿನ್ನ ಕೈಯಡುಗೆ ಮುಟ್ಟುವುದಿಲ್ಲ’ ಎಂದಿದ್ದಾಗಿ ಬರೆದಿದ್ದೀರಿ. ಸಿಟ್ಟಿನ ಮಾತು ಲೆಕ್ಕಕ್ಕಿಲ್ಲವೆಂದು ನಿಮ್ಮ ಪತ್ನಿ ಹೇಳುತ್ತಿದ್ದಾರೆ. ಆಣೆ ಮುರಿದರೆ ಪಾಪ ತಟ್ಟುವುದೆಂಬ ಅಂಜಿಕೆಯಿಂದ ನೀವು ಮೂರು ದಿನದಿಂದ ಹೊರಗೆ ಉಣ್ಣುತ್ತಿದ್ದೀರಿ. ನಾನು ಮುಫ್ತಿಯಲ್ಲ, ಅಂದರೆ ಧಾರ್ಮಿಕ ತೀರ್ಪು ಕೊಡುವ ವಿದ್ವಾಂಸನಲ್ಲ, ಕೆಲವು ವರ್ಷ ಫಿಕ್ಹ್, ಅಂದರೆ ಇಸ್ಲಾಮಿ ಧರ್ಮಶಾಸ್ತ್ರ, ಓದಿದವನು. ಓದಿದ ಮಟ್ಟಿಗೆ ಹೇಳುವುದಾದರೆ ನಿಮ್ಮಿಬ್ಬರ ಮಾತೂ ಅರ್ಧ ಮಾತ್ರ ಸರಿ.

ಮೊದಲು ನಿಮ್ಮ ಅಂಜಿಕೆಯ ವಿಷಯ. ಒಳಿತು ಮಾಡುವುದಕ್ಕೂ ಜನರ ನಡುವೆ ರಾಜಿ ಮಾಡಿಸುವುದಕ್ಕೂ ಅಲ್ಲಾಹನ ಹೆಸರಿನ ಆಣೆಯನ್ನು ಅಡ್ಡಿಯಾಗಿಸಬೇಡಿರೆಂದು ಕುರ್‌ಆನಿನ ಎರಡನೇ ಅಧ್ಯಾಯದ 224ನೇ ವಚನ ಹೇಳುತ್ತದೆ. ಆಣೆಯಿಟ್ಟ ಮೇಲೆ ಅದಕ್ಕಿಂತ ಒಳ್ಳೆಯದು ಕಂಡರೆ ಒಳ್ಳೆಯದನ್ನೇ ಮಾಡಿ ಆಣೆಗೆ ಪ್ರಾಯಶ್ಚಿತ್ತ ಕೊಡಬೇಕೆಂದು ಪ್ರವಾದಿಯವರು(ಸ) ತಮ್ಮ ಸಂಗಾತಿ ಅಬ್ದುರ್ರಹ್ಮಾನ್ ಬಿನ್ ಸಮುರಾ(ರ) ಅವರಿಗೆ ತಿಳಿಸಿದ್ದು ಬುಖಾರಿ ಮತ್ತು ಮುಸ್ಲಿಮ್ ಎಂಬ ಹದೀಸ್ (ಪ್ರವಾದಿಯವರ ನುಡಿ-ನಡೆ) ಸಂಗ್ರಹಗಳೆರಡರಲ್ಲೂ ಇದೆ. ಅವೇ ಸಂಗ್ರಹಗಳಲ್ಲಿರುವ ಇನ್ನೊಂದು ಹದೀಸ್ ನಿಮ್ಮ ಮನೆಗೆಂದೇ ಹೇಳಿದಂತಿದೆ: ತನ್ನ ಮನೆಯವರ ವಿಷಯದಲ್ಲಿ ಇಟ್ಟ ಆಣೆಗೆ ಹಟದಿಂದ ಅಂಟಿಕೊಂಡಿರುವುದು, ಅದನ್ನು ಮುರಿದು ಪ್ರಾಯಶ್ಚಿತ್ತ ಕೊಡುವುದಕ್ಕಿಂತ ಅಲ್ಲಾಹನ ಬಳಿ ಹೆಚ್ಚಿನ ಪಾಪ. ಪ್ರವಾದಿಯವರ ಪತ್ನಿಯಾಗಿದ್ದ ತನ್ನ ಮಗಳು ಆಯಿಶಾರ(ರ) ಮೇಲೆ ಅಪವಾದ ಹೊರಿಸಿದವರ ಜತೆ ಸೇರಿದ್ದ ಬಂಧು ಮಿಸ್ತಹ್‌ಗೆ ಇನ್ನು ಮುಂದೆ ನೆರವಾಗುವುದಿಲ್ಲವೆಂದು ಪ್ರವಾದಿಯವರ ಸಂಗಾತಿ ಅಬೂಬಕರ್(ರ) ಆಣೆಯಿಟ್ಟಿದ್ದರು. ಕ್ಷಮಿಸಿರೆಂಬ ವಚನ ಇಳಿದಾಗ ಆ ಮಾತು ಬಿಟ್ಟು ನೆರವನ್ನು ಮತ್ತೆ ಆರಂಭಿಸಿದರು. ಅವರ ನೋವಿನ ಮುಂದೆ ಅಡುಗೆಯ ಜಗಳ ಎಷ್ಟರದು?

ಇನ್ನು ನಿಮ್ಮ ಪತ್ನಿಯ ಮಾತು. ಉದ್ದೇಶವಿಲ್ಲದೆ ಬಾಯಿತಪ್ಪಿ ಬರುವ ‘ಇಲ್ಲ, ಅಲ್ಲಾಹನಾಣೆ’, ‘ಹೌದು, ಅಲ್ಲಾಹನಾಣೆ’ ಎಂಬಂಥ ಮಾತುಗಳೇ ‘ಲಗ್ವ್’, ಅಂದರೆ ವ್ಯರ್ಥ ಆಣೆ, ಎಂದು ಆಯಿಶಾ(ರ) ವಿವರಿಸಿದ್ದಾರೆ. ಸುನ್ನಿಗಳ ನಾಲ್ಕು ಧರ್ಮಶಾಸ್ತ್ರ ಪಂಥಗಳಲ್ಲಿ ಒಂದಾದ ಶಾಫಿಈ ಪಂಥ ಇದನ್ನೇ ಹಿಡಿದು, ಸಿಟ್ಟಿನ ಭರದಲ್ಲಿ ಮನಸ್ಸಿನಲ್ಲಿಲ್ಲದೆ ಉದುರಿದ ಆಣೆಗೆ ಪ್ರಾಯಶ್ಚಿತ್ತವಿಲ್ಲ ಎನ್ನುತ್ತದೆ. ಇನ್ನೊಂದಾದ ಹನಫಿ ಪಂಥದಲ್ಲಿ ಮುಂದೆ ಮಾಡುವ ಅಥವಾ ಮಾಡದಿರುವ ಕೆಲಸದ ಬಗ್ಗೆ ಇಟ್ಟ ಆಣೆಗೆ ಈ ವಿನಾಯಿತಿಯಿಲ್ಲ. ಆದರೆ ಮೂರು ದಿನ ಹೊರಗೆ ಉಂಡು ಪಾಲಿಸಿದ ಮಾತನ್ನು ಬಾಯಿತಪ್ಪಿದ್ದೆಂದು ಹೇಳಿಕೊಳ್ಳುವುದು ನಿಮಗೇ ಕಷ್ಟವಾದೀತು. ಬರೀ ಸಿಟ್ಟು ಬಂದಿತ್ತೆಂಬುದು ಆಣೆಯನ್ನು ಅಳಿಸುವುದಿಲ್ಲ. ಸಿಟ್ಟಿಲ್ಲದೆ ಇಂಥ ಆಣೆ ಇಡುವವರಾದರೂ ಯಾರು? ಆದ್ದರಿಂದ ಆಣೆ ಊರ್ಜಿತವಾಗಿದೆ ಎಂದೇ ತಿಳಿದು ನಡೆಯುವುದು ಕ್ಷೇಮ.

ಹಾಗಾದರೆ ಊಟ ಮಾಡಿ. ಒಮ್ಮೆ ಉಂಡರೆ ಆಣೆ ಮುರಿದು ಅಲ್ಲಿಗೇ ಮುಗಿಯುತ್ತದೆ, ಮರುದಿನದ ಊಟಕ್ಕೆ ಮತ್ತೆ ಲೆಕ್ಕವಿಲ್ಲ. ಪ್ರಾಯಶ್ಚಿತ್ತ, ಅಂದರೆ ಕಫ್ಫಾರಾ, ಐದನೇ ಅಧ್ಯಾಯದ 89ನೇ ವಚನದಲ್ಲಿದೆ: ನಿಮ್ಮ ಮನೆಯವರಿಗೆ ಉಣಿಸುವ ಸಾಧಾರಣ ಊಟವನ್ನು ಹತ್ತು ಬಡವರಿಗೆ ಉಣಿಸುವುದು, ಇಲ್ಲವೇ ಅವರಿಗೆ ಬಟ್ಟೆ ಕೊಡುವುದು, ಇಲ್ಲವೇ ಒಬ್ಬ ಗುಲಾಮನನ್ನು ಬಿಡಿಸುವುದು, ಇದಾವುದಕ್ಕೂ ಶಕ್ತಿಯಿಲ್ಲದವನಿಗೆ ಮಾತ್ರ ಮೂರು ದಿನದ ಉಪವಾಸ. ಉಣಿಸುವ ಶಕ್ತಿಯಿದ್ದೂ ನೇರವಾಗಿ ಉಪವಾಸಕ್ಕೆ ಹೋಗುವವರನ್ನು ನಾನು ಬಹಳ ನೋಡಿದ್ದೇನೆ, ಅದು ಸಲ್ಲುವುದಿಲ್ಲ. ಹನಫಿಗಳಲ್ಲಿ ಪ್ರತಿಯೊಬ್ಬರಿಗೂ ಎರಡು ಹೊತ್ತಿನ ಹೊಟ್ಟೆ ತುಂಬ ಊಟ, ಅದೂ ಆಣೆ ಮುರಿದ ಬಳಿಕವೇ. ಶಾಫಿಈಗಳಲ್ಲಿ ತಲೆಗೊಂದು ಮುದ್ದ್, ಅಂದರೆ ಬೊಗಸೆಯಷ್ಟು, ಧಾನ್ಯ. ಆಣೆ ಮುರಿಯುವ ಮುಂಚೆಯೇ ಕೊಟ್ಟರೂ ಆದೀತು.

ಇಷ್ಟೆಲ್ಲ ಹೇಳಿದ್ದು ನೀವು ಬರೆದ ಮಾತಿಗೆ ಮಾತ್ರ. ಪತ್ನಿಯ ಬಳಿ ಸೇರುವುದಿಲ್ಲವೆಂದು ಆಣೆಯಿಟ್ಟಿದ್ದರೆ ಅದು ‘ಈಲಾ’. ಅದಕ್ಕೆ ನಾಲ್ಕು ತಿಂಗಳ ಗಡುವಿದೆ, ಮರಳದೆ ಆ ಗಡುವು ದಾಟಿದರೆ ಹನಫಿ ಮತದಂತೆ ತಾನಾಗಿಯೇ ಒಂದು ತಲಾಖ್ ಬೀಳುತ್ತದೆ. ‘ನೀನು ನನಗೆ ನನ್ನ ತಾಯಿಯ ಬೆನ್ನಿನಂತೆ’ ಎಂದಿದ್ದರೆ ಅದು ‘ಝಿಹಾರ್’, ಅಂದರೆ ಪತ್ನಿಯನ್ನು ತಾಯಿಗೆ ಹೋಲಿಸಿ ದೂರವಿಡುವುದು. ಗಂಡ ಹಾಗೆಂದಾಗ ಖೌಲಾ(ರ) ಎಂಬಾಕೆ ಪ್ರವಾದಿಯವರ ಬಳಿ ದೂರಿಕೊಂಡರು, 58ನೇ ಅಧ್ಯಾಯದ ಆರಂಭ ಇಳಿದದ್ದೇ ಆ ದೂರಿಗೆ. ಗುಲಾಮನ ಬಿಡುಗಡೆ ಈಗ ಸಾಧ್ಯವಿಲ್ಲದ್ದರಿಂದ ಅದರ ಪ್ರಾಯಶ್ಚಿತ್ತವಾಗಿ ಉಳಿದಿರುವುದು ಎಡೆಬಿಡದ ಎರಡು ತಿಂಗಳ ಉಪವಾಸ, ಅದಾಗದಿದ್ದರೆ ಅರವತ್ತು ಬಡವರಿಗೆ ಊಟ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ‘ಈ ಹೊಸ್ತಿಲು ದಾಟಿದರೆ ನಿನಗೆ ತಲಾಖ್’ ಎಂಬ ಬಗೆಯದು. ನಾಲ್ಕೂ ಪಂಥಗಳ ಪ್ರಸಿದ್ಧ ಮತದಂತೆ ಷರತ್ತು ನಡೆದರೆ ತಲಾಖ್ ಬೀಳುತ್ತದೆ. ತಡೆಯುವುದಷ್ಟೇ ಉದ್ದೇಶವಾಗಿದ್ದರೆ ಅದೂ ಒಂದು ಆಣೆಯೇ, ಕಫ್ಫಾರಾ ಸಾಕು ಎಂದವರು 1328ರಲ್ಲಿ ತೀರಿಕೊಂಡ ವಿದ್ವಾಂಸ ಇಬ್ನ್ ತೈಮಿಯ್ಯಾ. ಜಗಳದಲ್ಲಿ ಅಂಥ ಮಾತೇನಾದರೂ ಬಂದಿತ್ತೇ ಎಂದು ಇಬ್ಬರೂ ಕೂತು ನೆನಪಿಸಿಕೊಳ್ಳಿ. ಬಂದಿದ್ದರೆ ಆಡಿದ ಶಬ್ದಗಳನ್ನು ತಿದ್ದದೆ ಹಾಗೆಯೇ ಬರೆದುಕೊಂಡು, ನಿಮ್ಮ ಪಂಥ ಬಲ್ಲ ಮುಫ್ತಿಯೊಬ್ಬರಿಗೆ ಇಬ್ಬರೂ ಕೂಡಿಯೇ ತೋರಿಸಿ. ಬರದೇ ಇದ್ದರೆ ಇವತ್ತು ರಾತ್ರಿಯ ಊಟ ಮನೆಯಲ್ಲೇ ಆಗಲಿ.