ಕಷಾಯಕ್ಕೆ ಘಮ ಯಾಕೆ ಬರ್ತಿಲ್ಲ?

ಅಮೃತಬಳ್ಳಿ, ಮೆಣಸು, ತುಳಸಿ ಎಲ್ಲ ಒಟ್ಟಿಗೆ ಹಾಕಿ ಮುಕ್ಕಾಲು ಗಂಟೆ ಕುದಿಸಿದರೂ ಬರೀ ಕಹಿ, ಘಮವೇ ಇಲ್ಲ ಅಂದಿದ್ದೀರಿ. ಘಮ ಎಲ್ಲೂ ಹೋಗಿಲ್ಲ ಸರ್, ನಿಮ್ಮ ಅಡುಗೆಮನೆ ತುಂಬ ಹರಡಿದೆ! ತುಳಸಿಯ ವಾಸನೆ ಅದರ ಎಣ್ಣೆಯಲ್ಲಿರುತ್ತದೆ, ಅದು ಹಬೆಯ ಜೊತೆ ಹಾರಿಹೋಗುತ್ತದೆ, ಕಹಿ ಮಾತ್ರ ನೀರಲ್ಲೇ ಉಳಿಯುತ್ತದೆ.

ಗಟ್ಟಿ ಸಾಮಾನು ಮೊದಲು. ಒಣಗಿದ ಬಳ್ಳಿಯನ್ನು ತರಿತರಿಯಾಗಿ ಕುಟ್ಟಿ, ಒಂದು ಪಾಲಿಗೆ 16 ಪಾಲು ನೀರು ಹಾಕಿ, ಅಂದರೆ 10 ಗ್ರಾಂಗೆ 160 ಎಂಎಲ್, ಸಣ್ಣ ಉರಿಯಲ್ಲಿ ಮುಚ್ಚದೆ ಕುದಿಸಿ ಕಾಲು ಭಾಗಕ್ಕೆ ಇಳಿಸಿ. ನುಣ್ಣಗೆ ಪುಡಿ ಮಾಡಬೇಡಿ, ಸೋಸೋಕೆ ಆಗಲ್ಲ. ಒಲೆ ಆರಿಸಿದ ಮೇಲೆ ತುಳಸಿ, ಜಜ್ಜಿದ ಮೆಣಸು ಹಾಕಿ ಹತ್ತು ನಿಮಿಷ ಮುಚ್ಚಿಡಿ, ಅಷ್ಟೇ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಲಿಂಗಸುಗೂರು ಕಡೆಯವರು ಅಂದಿರಿ, ಬೋರ್‌ವೆಲ್ ನೀರು ಬಳಸ್ತೀರಾ? ರಾಯಚೂರು, ಕೊಪ್ಪಳದ ಎಷ್ಟೋ ಊರಲ್ಲಿ ಆ ನೀರಲ್ಲಿ ಫ್ಲೋರೈಡ್, ಅಂದರೆ ಹೆಚ್ಚಾದರೆ ಹಲ್ಲು-ಮೂಳೆ ಕೆಡಿಸೋ ಲವಣ, ಜಾಸ್ತಿ. ಕುದಿಸಿದರೆ ಅದು ಹೋಗಲ್ಲ, ನೀರು ಕಾಲು ಭಾಗಕ್ಕೆ ಇಳಿದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಗಟ್ಟಿಯಾಗುತ್ತದೆ. ನಾನು ಗಂಗಾವತಿಯಲ್ಲಿ ಕಷಾಯಕ್ಕೆ ಫ್ಲೋರೈಡ್ ತೆಗೆಯೋ ಆರ್‌ಓ ಶುದ್ಧ ನೀರಿನ ಘಟಕದ ನೀರನ್ನೇ ತರ್ತೀನಿ, ಮನೆಯವರು ನಗ್ತಾರೆ, ನಗಲಿ. ಪಾತ್ರೆ ಸ್ಟೀಲಿನದೇ ಇರಲಿ. ಮತ್ತೆ ಮನೆಯಲ್ಲಿ ಯಾರಿಗಾದರೂ ಲಿವರ್ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಅಮೃತಬಳ್ಳಿ ಕೊಡಬೇಡಿ. ಉಳಿದದ್ದನ್ನು ನಾಳೆಗೆ ಇಡಬೇಡಿ, ನಮ್ಮ ಬಿಸಿಲಿಗೆ ಸಂಜೆಯೊಳಗೇ ಹುಳಿ ವಾಸನೆ ಹೊಡೆಯುತ್ತದೆ.